ಜೌಗಿನಲ್ಲಿ ಸಿಕ್ಕ ಕಮ್ಮಾರನ ಪೆಟ್ಟಿಗೆ

ಸ್ಟಾಕ್‌ಹೋಮ್‌ನಲ್ಲಿ ಕಾರ್ಲಾಪ್ಲಾನ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಸ್ವೀಡನ್ನಿನ ಇತಿಹಾಸ ಮ್ಯೂಸಿಯಂ ಸಿಗುತ್ತದೆ. ಬಂದವರು ಮೊದಲು ನೆಲಮಾಳಿಗೆಯ ಚಿನ್ನ ನೋಡಲು ಇಳಿಯುತ್ತಾರೆ. ನಮ್ಮವರಾದರೆ ಹೆಲ್ಗೊ ದ್ವೀಪದಲ್ಲಿ ಸಿಕ್ಕ ಪುಟ್ಟ ಬುದ್ಧನನ್ನು ಹುಡುಕುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಓಕ್ ಮರದ ಒಂದು ಪೆಟ್ಟಿಗೆ, ಅದರ ತುಂಬ ಇದ್ದ ಕಬ್ಬಿಣ.

ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಮೆಸ್ಟರ್‌ಮ್ಯೂರ್ ಒಂದು ಜೌಗು ನೆಲ. ನೀರು ಬಸಿದು ಅದನ್ನು ಹೊಲ ಮಾಡಿದ್ದರು. 1936ರಲ್ಲಿ ಉಳುತ್ತಿದ್ದ ರೈತನ ನೇಗಿಲಿಗೆ ಈ ಪೆಟ್ಟಿಗೆ ತಗುಲಿತು. ಉದ್ದ ಸುಮಾರು 90 ಸೆಂ.ಮೀ., ಸುತ್ತ ಕಬ್ಬಿಣದ ಸರಪಳಿ. ಸಿಕ್ಕ ವಸ್ತುಗಳು 200ಕ್ಕೂ ಹೆಚ್ಚು. ಕಾಲ ಸುಮಾರು ಕ್ರಿ.ಶ. 1000. ಜೌಗಿನ ಕೆಸರಿನೊಳಗೆ ಗಾಳಿ ಆಡುವುದಿಲ್ಲ. ಅದಕ್ಕೇ ಮರವೂ ಕಬ್ಬಿಣವೂ ಉಳಿದವು.

ಸುತ್ತಿಗೆ, ಇಕ್ಕಳ, ಕಾದ ಕಬ್ಬಿಣ ಇಟ್ಟು ಬಡಿಯುವ ಅಡೆಗಲ್ಲು, ಅರ, ತಗಡು ಕತ್ತರಿ ಇವೆ. ಜೊತೆಗೇ ಕೊಡಲಿ, ಬಾಚಿ, ಗರಗಸ, ಬೈರಿಗೆ! ಕುಲುಮೆ ಕೆಲಸ, ಮರಗೆಲಸ ಎರಡೂ ಬಲ್ಲವನ ಪೆಟ್ಟಿಗೆ ಇದು ಅನ್ನಿಸುತ್ತದೆ, ಅಲ್ವಾ? ಬೀಗ, ಗಂಟೆ, ತೂಗುಕೋಲು ಕೂಡ ಇವೆ.

ನಾನು ತುಂಬಾ ಹೊತ್ತು ನೋಡಿದ್ದು ಮೊಳೆಗೆ ತಲೆ ಕಟ್ಟುವ ಸಾಧನವನ್ನು. ನೋಡಲು ತೂತುಗಳಿರುವ ದಪ್ಪ ಕಬ್ಬಿಣದ ಪಟ್ಟಿ, ಅಷ್ಟೇ. ತುದಿ ಚೂಪು ಮಾಡಿದ ಕೆಂಪಗೆ ಕಾದ ಸಲಾಕೆಯನ್ನು ತೂತಿಗೆ ಇಳಿಸಬೇಕು. ಮೇಲೆ ಉಳಿದ ತುಣುಕನ್ನು ಸುತ್ತಿಗೆಯಿಂದ ಬಡಿದರೆ ಅದು ಹರಡಿ ತಲೆಯಾಗುತ್ತದೆ. ಆ ಕಾಲದ ಉತ್ತರ ಯೂರೋಪಿನ ಕಡಲಯಾನಿಗಳಾದ ವೈಕಿಂಗರ ದೊಡ್ಡ ಹಡಗೊಂದಕ್ಕೆ ಇಂಥ ಮೊಳೆ ಸಾವಿರಾರು ಬೇಕಿತ್ತು. ಹಡಗಿನ ಕಥೆ ಎಲ್ಲರಿಗೂ ಗೊತ್ತು. ಮೊಳೆ ಬಡಿದವನ ಹೆಸರು ಎಲ್ಲೂ ಇಲ್ಲ. ಅದು ನನಗೆ ನೋವಿನ ವಿಷಯ.

ಆ ಕಬ್ಬಿಣ ಸುಮ್ನೆ ಬಂದದ್ದಲ್ಲ. ಸ್ವೀಡನ್ನಿನ ಕೆರೆ, ಜೌಗುಗಳ ತಳದಲ್ಲಿ ಕಬ್ಬಿಣದ ಅದಿರು ಗಟ್ಟಿಯಾಗಿ ಕೂರುತ್ತದೆ. ಅದನ್ನು ಬಾಚಿ ತಂದು, ಸುಟ್ಟು, ಇದ್ದಿಲಿನ ಜೊತೆ ಮಣ್ಣಿನ ಕುಲುಮೆಗೆ ಹಾಕಿ ತಿದಿ ಒತ್ತುತ್ತಿದ್ದರು. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಕುಲುಮೆಗೆ ಅಷ್ಟು ಬಿಸಿ ಏರುತ್ತಿರಲಿಲ್ಲ. ಅದಿರಿನ ಕಲ್ಮಶವಾದ ಕಿಟ್ಟ ಕರಗಿ ಇಳಿಯುತ್ತಿತ್ತು, ಕಬ್ಬಿಣ ತೂತುತೂತಾದ ಮುದ್ದೆಯಾಗಿ ಉಳಿಯುತ್ತಿತ್ತು. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಒಳಗಿನ ಕಿಟ್ಟ ಹಿಂಡಿ ತೆಗೆದ ಮೇಲೆಯೇ ಅದು ಕೆಲಸಕ್ಕೆ ಬರುತ್ತಿತ್ತು.

ಈ ಉಪಕರಣಗಳ ಅಳತೆ ಹಿಡಿದು ಇವತ್ತಿಗೂ ಕೆಲವು ಕಮ್ಮಾರರು ಹೊಸದಾಗಿ ಮಾಡಿಕೊಂಡು ಬಳಸುತ್ತಾರೆ.