ಹಸಿರು ಮಸೀದಿಯ ಊರು

ನಿದ್ದೆ ಬರದೆ ಸುಮ್ನೆ ಪೋಲೆಂಡಿನ ಬಗ್ಗೆ ಓದುತ್ತಾ ಕೂತಿದ್ದೆ. 2017ರ ಅಕ್ಟೋಬರ್ 7ರಂದು ಅಲ್ಲಿನ ಕ್ಯಾಥೊಲಿಕರು ದೇಶದ ಗಡಿಗಳಲ್ಲಿ ನಿಂತು ಜಪಮಾಲೆ ಹಿಡಿದು ಪ್ರಾರ್ಥಿಸಿದ್ದರು. 1571ರಲ್ಲಿ ಒಟ್ಟೋಮನ್ ತುರ್ಕರ, ಅಂದರೆ ಮುಸ್ಲಿಮರ, ನೌಕಾಪಡೆ ಲೆಪಾಂಟೊ ಸಮುದ್ರಯುದ್ಧದಲ್ಲಿ ಕ್ರೈಸ್ತರೆದುರು ಸೋತಿದ್ದೂ ಅದೇ ತಾರೀಖು. ಅದು ಬರೀ ಪ್ರಾರ್ಥನೆ, ಮುಸ್ಲಿಮರ ವಿರುದ್ಧ ಏನೂ ಅಲ್ಲ ಅಂದರೆ ನನಗೇಕೋ ಪೂರ್ತಿ ನಂಬಿಕೆ ಬರಲಿಲ್ಲ.

ಅದೇ ದೇಶದ ಪೂರ್ವ ಗಡಿಯ ಹತ್ತಿರ ಕ್ರುಶಿನ್ಯಾನಿ ಅಂತ ಪುಟ್ಟ ಹಳ್ಳಿ ಇದೆ. ಅಲ್ಲೊಂದು ಹಸಿರು ಬಣ್ಣದ ಮರದ ಮಸೀದಿ. 1679ರಲ್ಲಿ ದೊರೆ ಯಾನ್ ಸೊಬಿಯೆಸ್ಕಿ ತನ್ನ ಸೈನ್ಯದ ತಾತಾರ್ ಮುಸ್ಲಿಮರಿಗೆ ಬಾಕಿ ಸಂಬಳದ ಬದಲು ಜಮೀನು ಕೊಟ್ಟ ಊರು ಅದು. ನಾಲ್ಕೇ ವರ್ಷಕ್ಕೆ ವಿಯೆನ್ನಾದಲ್ಲಿ ತುರ್ಕರನ್ನು ಸೋಲಿಸಿ ಕ್ರೈಸ್ತರ ವೀರ ಅನಿಸಿಕೊಂಡವನೂ ಇವನೇ, ನೋಡಿ!

2014ರಲ್ಲಿ ಯಾರೋ ಆ ಮಸೀದಿ ಗೋಡೆ ಮೇಲೆ ಹಂದಿ ಚಿತ್ರ ಗೀಚಿ ಹೋದರಂತೆ. ಗೀಚಿದವರಿಗೆ ಸೊಬಿಯೆಸ್ಕಿ ಕಥೆ ಗೊತ್ತಿತ್ತೋ ಇಲ್ವೋ.