ಬಾಗಿಲಿನಾಚೆ ಹತ್ತು ಸೆಕೆಂಡು

ಮಾರ್ಚ್ 3, ರಾತ್ರಿ

ಸಂಜೆ ಕೆಲಸ ಮುಗಿಸಿ ಬಂದಾಗ ಬಾಗಿಲ ಸಂದಿಯಲ್ಲಿ ಮಡಚಿದ ಚೀಟಿ ಇತ್ತು. "ನಿಮ್ಮ ನಾಯಿ ಬೆಳಗ್ಗೆಯಿಂದ ಬೊಗಳುತ್ತಿದೆ. ನನಗೆ ರಾತ್ರಿ ಪಾಳಿ. ಹಗಲು ನಿದ್ದೆ ಮಾಡಲು ಆಗುತ್ತಿಲ್ಲ. ದಯವಿಟ್ಟು ಏನಾದರೂ ಮಾಡಿ." ಕೆಳಗಿನ ಮನೆಯವರದು. ಬೈಗುಳ ಇರಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಬಾಗಿಲು ತೆಗೆದರೆ ಚುಕ್ಕಿ ಮೈಮೇಲೆ ಬಿದ್ದಳು. ಬಾಗಿಲಿನ ಒಳಬದಿಯ ಬಣ್ಣ ಇನ್ನಷ್ಟು ಕೆರೆದುಹೋಗಿದೆ. ಹೊಸ್ತಿಲ ಹತ್ತಿರ ನೆಲ ಒದ್ದೆ. ಉಚ್ಚೆ ಅಂದುಕೊಂಡೆ, ಮುಟ್ಟಿ ನೋಡಿದರೆ ಜೊಲ್ಲು. ಬೆಳಗ್ಗೆ ಬಟ್ಟಲಿಗೆ ಹಾಕಿದ್ದ ಊಟ ಹಾಗೇ ಇತ್ತು. ನಾನು ಒಳಗೆ ಬಂದ ಐದು ನಿಮಿಷಕ್ಕೆ ಅದನ್ನು ಗಬಗಬ ತಿಂದು ಮುಗಿಸಿದಳು. ಇಡೀ ದಿನ ಹಸಿದುಕೊಂಡೇ ಇದ್ದಳು ಅಂತಾಯಿತು.

ಕಳೆದ ವಾರ ಇದೇ ಬಾಗಿಲು ತೋರಿಸಿ ಅವಳನ್ನು ಗದರಿದ್ದೆ. ಕಿವಿ ಹಿಂದಕ್ಕೆ ಮಾಡಿ, ಬಾಲ ಮುದುರಿ, ಮುಖ ಆಚೆ ತಿರುಗಿಸಿದಳು. ತಪ್ಪು ಗೊತ್ತಾಗಿದೆ ಅಂತ ನಂಬಿದ್ದೆ. ಇವತ್ತು ಕೂತು ಓದಿದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮುಖದ ಬಗ್ಗೆಯೇ ಇದೆ. ಮುಟ್ಟಬೇಡ ಅಂದ ತಿಂಡಿಯನ್ನು ನಾಯಿ ತಿಂದಿತ್ತೋ ಇಲ್ಲವೋ, ಆ ಮುಖಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಸಾಕಿದವರು ಗದರಿದರೆ ಆ ಮುಖ ಬರುತ್ತಿತ್ತು. ಏನೂ ತಿನ್ನದ ನಾಯಿಯೂ ಗದರಿಸಿಕೊಂಡಾಗ ಹಾಗೇ ಮಾಡಿತು. ಅಂದರೆ ಚುಕ್ಕಿ ಅವತ್ತು ನನಗೆ ಹೆದರಿದ್ದಳು, ಅಷ್ಟೇ. ದಿನವಿಡೀ ಒಬ್ಬಳೇ ಹೆದರಿ ಕೂತವಳು, ನಾನು ಬಂದ ಮೇಲೂ ಹೆದರಿದಳು.

ಅವಳ ಪಕ್ಕ ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿದ್ದಾಳೆ.

ಮಾರ್ಚ್ 4

ಹಳೆಯ ಫೋನನ್ನು ಕಪಾಟಿನ ಮೇಲೆ ಇಟ್ಟು, ರೆಕಾರ್ಡಿಂಗ್ ಹಾಕಿ ಹೊರಗೆ ಹೋದೆ. ಇಪ್ಪತ್ತು ನಿಮಿಷ ಬಿಟ್ಟು ಬಂದೆ. ವಿಡಿಯೊ ನೋಡಿದಾಗಿನಿಂದ ಮನಸ್ಸು ಸರಿ ಇಲ್ಲ.

ನಾನು ಶೂ ಹಾಕುವಾಗಲೇ ಅವಳು ಏದುಸಿರು ಬಿಡಲು ಶುರುಮಾಡಿದ್ದಾಳೆ. ಅದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಬಾಗಿಲು ಮುಚ್ಚಿದ ಹದಿನೈದು ಸೆಕೆಂಡಿಗೆ ಮೂಗನ್ನು ಬಾಗಿಲ ಸಂದಿಗೆ ಒತ್ತುತ್ತಾಳೆ. ಒಂದು ನಿಮಿಷಕ್ಕೆ ಕುಂಯ್‌ಗುಡುತ್ತಾಳೆ. ಮೂರನೇ ನಿಮಿಷಕ್ಕೆ ಬೊಗಳು ಶುರು. ಒಂದೇ ಸ್ವರ, ಒಂದೇ ಅಂತರ. ಆಮೇಲೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಟ. ಎಂಟನೇ ನಿಮಿಷದಲ್ಲಿ ಬಾಗಿಲ ಮುಂದೆ ಕೂತು, ಕತ್ತು ಮೇಲೆತ್ತಿ ಊಳಿಡುತ್ತಾಳೆ. ಉಳಿದ ಹನ್ನೆರಡು ನಿಮಿಷವೂ ಇದೇ. ಒಂದು ಸಲವೂ ಮಲಗಲಿಲ್ಲ.

ಹಟ, ಚೇಷ್ಟೆ, ಮುದ್ದು ಜಾಸ್ತಿಯಾಗಿ ಕೆಟ್ಟಿದ್ದಾಳೆ. ಈ ಎಲ್ಲ ಮಾತನ್ನೂ ಬೇರೆಯವರಿಂದ ಕೇಳಿದ್ದೇನೆ, ನಾನೂ ಆಡಿದ್ದೇನೆ. ವಿಡಿಯೊದಲ್ಲಿ ಇರುವುದು ಅದ್ಯಾವುದೂ ಅಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಹೀಗೇ ಅಳುತ್ತದೆ.

ಮಾರ್ಚ್ 5

ಪಶುವೈದ್ಯರು ವಿಡಿಯೊ ಪೂರ್ತಿ ನೋಡಿದರು. ಮೊದಲು ಮೈಯೆಲ್ಲ ತಪಾಸಣೆ ಮಾಡಿದರು. ಎಲ್ಲಾದರೂ ನೋವಿದ್ದರೆ ನಾಯಿಗೆ ಒಂಟಿಯಾಗಿರುವುದು ಇನ್ನೂ ಕಷ್ಟ. ಮೂತ್ರದ ಸೋಂಕು ಇದ್ದರೆ ಮನೆಯೊಳಗೆ ಗಲೀಜು ಮಾಡಬಹುದು, ಅದನ್ನು ಭಯ ಅಂತ ತಪ್ಪು ತಿಳಿಯಬಹುದು. ಎರಡೂ ಇಲ್ಲ ಅಂತ ಖಚಿತವಾದ ಮೇಲೆ ಹೇಳಿದರು: "ಇದು ಸೆಪರೇಷನ್ ಆಂಕ್ಸೈಟಿ. ಒಂಟಿಯಾಗಿ ಬಿಟ್ಟರೆ ಬರುವ ಗಾಬರಿ. ಅವಳ ಕೈಯಲ್ಲಿ ಇದು ಇಲ್ಲ."

ನಾನು ಒಂದೊಂದಾಗಿ ಕೇಳಿದೆ. ಬೊಗಳಿದರೆ ಶಾಕ್ ಕೊಡುವ ಅಥವಾ ಮುಖಕ್ಕೆ ಸ್ಪ್ರೇ ಬಿಡುವ ಕೊರಳ ಪಟ್ಟಿ? ಬೇಡವೇ ಬೇಡ ಅಂದರು. ಹೆದರಿದವಳಿಗೆ ಇನ್ನೊಂದು ಹೆದರಿಕೆ ಕೊಟ್ಟ ಹಾಗೆ. ಸದ್ದು ನಿಂತರೂ ಒಳಗಿನ ಭಯ ಹೋಗುವುದಿಲ್ಲ, ಹಲ್ಲು ಉಗುರು ಮುರಿದುಕೊಳ್ಳುವ ತನಕ ಬಾಗಿಲು ಕಚ್ಚುವ ನಾಯಿಗಳನ್ನು ಅವರು ನೋಡಿದ್ದಾರೆ. ಪಂಜರದಲ್ಲಿ ಇಟ್ಟರೆ? ಪಂಜರ ಇಷ್ಟಪಡುವ ನಾಯಿಗಳಿವೆ, ಆದರೆ ಈ ಗಾಬರಿ ಇರುವ ಎಷ್ಟೋ ನಾಯಿಗಳಿಗೆ ಕೂಡಿಹಾಕಿದರೆ ಗಾಬರಿ ಎರಡರಷ್ಟಾಗುತ್ತದೆ. ಜೊತೆಗೆ ಇನ್ನೊಂದು ನಾಯಿ? ಅವಳಿಗೆ ಬೇಕಿರುವುದು ಮನುಷ್ಯರ ಜೊತೆ. ಹೆಚ್ಚಿನ ಸಲ ಇನ್ನೊಂದು ನಾಯಿಯಿಂದ ಅದು ನೀಗುವುದಿಲ್ಲ.

ಹೆದರಿದಾಗ ಸಮಾಧಾನ ಮಾಡಿದರೆ ಭಯ ಅಭ್ಯಾಸವಾಗಿಬಿಡುತ್ತದಾ ಅಂತಲೂ ಕೇಳಿದೆ. "ಭಯ ಅನ್ನೋದು ತಿಂಡಿ ಆಸೆಗೆ ಕಲಿಯೋ ಆಟ ಅಲ್ಲ. ಧಾರಾಳವಾಗಿ ತಬ್ಕೊಳ್ಳಿ" ಅಂದರು. ಎದೆ ಹಗುರಾಯಿತು.

ದಾರಿ ಒಂದೇ ಅಂತೆ. ಅವಳಿಗೆ ಭಯ ಹುಟ್ಟುವ ಮುಂಚೆ ವಾಪಸ್ ಬರಬೇಕು. ಹತ್ತು ಸೆಕೆಂಡಿಗೆ ಭಯ ಇಲ್ಲ ಅಂದರೆ ಹತ್ತು ಸೆಕೆಂಡು. ಮೆಲ್ಲಗೆ ಹೆಚ್ಚಿಸಬೇಕು. ಅಲ್ಲಿಯವರೆಗೆ ಅದಕ್ಕಿಂತ ಜಾಸ್ತಿ ಹೊತ್ತು ಅವಳನ್ನು ಒಬ್ಬಳನ್ನೇ ಬಿಡುವಂತಿಲ್ಲ. ಒಂದು ದಿನವೂ. ಈ ಕೊನೆಯ ಮಾತೇ ಕಷ್ಟದ್ದು.

ಮಾರ್ಚ್ 7

ಕೆಳಗಿನ ಮನೆಗೆ ಹೋಗಿ ಬಂದೆ. ಬಾಗಿಲು ತಟ್ಟುವಾಗ ಕೈ ನಡುಗುತ್ತಿತ್ತು. ಅವರು ಆಸ್ಪತ್ರೆಯಲ್ಲಿ ನರ್ಸ್. ಕಣ್ಣ ಕೆಳಗೆ ಕಪ್ಪು. ಕ್ಷಮೆ ಕೇಳಿ ವಿಡಿಯೊ ತೋರಿಸಿದೆ. ಅರ್ಧ ನಿಮಿಷ ನೋಡಿ, "ಅಯ್ಯೋ ಪಾಪ, ಹೀಗಾ?" ಅಂದರು. ಎಷ್ಟು ವಾರ ಬೇಕಾಗಬಹುದು, ಏನು ಮಾಡುತ್ತೇನೆ, ಎಲ್ಲ ಹೇಳಿದೆ. ನನ್ನ ನಂಬರ್ ಕೊಟ್ಟೆ. "ಸದ್ದು ಕೇಳಿದ ತಕ್ಷಣ ಮೆಸೇಜ್ ಮಾಡಿ, ಎಷ್ಟು ಗಂಟೆಗೆ ಅಂತ ಹಾಕಿದರೆ ಸಾಕು" ಅಂದೆ. ಅವರೂ ಮಲಗುವ ಸಮಯ ಬರೆದು ಕೊಟ್ಟರು. ಆ ಹೊತ್ತಿನಲ್ಲಿ ಬಾಗಿಲ ಅಭ್ಯಾಸ ಮಾಡುವುದಿಲ್ಲ.

ಮನೆ ಮಾಲೀಕರಿಗೂ ನಾನೇ ಫೋನ್ ಮಾಡಿದೆ. ದೂರು ಬೇರೆಯವರಿಂದ ಹೋಗುವುದಕ್ಕಿಂತ ನನ್ನಿಂದ ಹೋಗುವುದು ಒಳ್ಳೆಯದು ಅನ್ನಿಸಿತು. ಬಾಗಿಲಿಗೆ ಬಣ್ಣ ಹೊಡೆಸಿಕೊಡುತ್ತೇನೆ ಅಂದೆ. ಎರಡು ತಿಂಗಳು ನೋಡೋಣ ಅಂದರು. ಮಾತಾಡಿದ್ದನ್ನೆಲ್ಲ ಬರೆದು ಅವರಿಗೆ ಕಳಿಸಿಟ್ಟಿದ್ದೇನೆ, ಡಾಕ್ಟರ ಚೀಟಿಯನ್ನೂ ಸೇರಿಸಿ.

ಕಚೇರಿಯಲ್ಲಿ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸಕ್ಕೆ ಒಪ್ಪಿದರು. ಉಳಿದ ಎರಡು ದಿನಕ್ಕೆ ಮೂರನೇ ಮಹಡಿಯ ಅಜ್ಜ ಸಿಕ್ಕಿದರು. "ಪೇಪರ್ ಎಲ್ಲಿ ಓದಿದರೇನಮ್ಮ, ನಿನ್ನ ಮನೇಲೇ ಕೂತು ಓದ್ತೀನಿ" ಅಂದರು. ಆ ಮನುಷ್ಯನ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ.

ಮಾರ್ಚ್ 9

ಇವತ್ತು ಹೊರಗೆ ಹೋಗಲೇ ಇಲ್ಲ. ಕೀ ಗೊಂಚಲು ಎತ್ತಿದೆ, ಕೆಳಗಿಟ್ಟೆ. ಶೂ ಹಾಕಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ಬ್ಯಾಗ್ ಹೆಗಲಿಗೆ ಹಾಕಿ ಟಿವಿ ಮುಂದೆ ಕೂತೆ. ಕೀ ಸದ್ದಾದರೆ ಅಮ್ಮ ಹೋಗುತ್ತಾಳೆ ಅಂತ ಅವಳು ಕಲಿತುಬಿಟ್ಟಿದ್ದಾಳೆ. ಆ ಗಂಟು ಬಿಡಿಸಬೇಕು. ಬೆಳಗ್ಗೆ ಕೀ ಎತ್ತಿದಾಗಲೆಲ್ಲ ಎದ್ದು ಬರುತ್ತಿದ್ದಳು. ಸಂಜೆ ಹೊತ್ತಿಗೆ ತಲೆ ಮಾತ್ರ ಎತ್ತಿದಳು.

ಮಾರ್ಚ್ 16

ಹತ್ತು ಸೆಕೆಂಡು! ಬಾಗಿಲು ಮುಚ್ಚಿ, ಹತ್ತು ಎಣಿಸಿ, ಒಳಗೆ ಬಂದೆ. ಫೋನಿನಲ್ಲಿ ನೋಡಿದರೆ ಅವಳು ಹಾಸಿಗೆಯ ಮೇಲೇ ಇದ್ದಾಳೆ. ಕಿವಿ ನೆಟ್ಟಗಿದೆ, ಆದರೆ ಉಸಿರು ಸಲೀಸು.

ಏನೇನು ನೋಡಬೇಕು ಅಂತ ಈಗ ಕಣ್ಣಿಗೆ ಅಭ್ಯಾಸವಾಗಿದೆ. ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಒಂದು ಕಾಲು ಎತ್ತಿ ನಿಲ್ಲುವುದು. ಬೊಗಳುವ ಎಷ್ಟೋ ಮುಂಚೆ ಇವು ಬರುತ್ತವೆ. ಇವು ಬಂದರೆ ನಾನು ತಡ ಮಾಡಿದ್ದೇನೆ ಅಂತ ಅರ್ಥ.

ಮಾರ್ಚ್ 22

ನಾಲ್ಕು ದಿನ ಒಂದು ನಿಮಿಷದಲ್ಲೇ ಸಿಕ್ಕಿಹಾಕಿಕೊಂಡಿದ್ದೆವು. ಕಾರಣ ಇವತ್ತು ಹೊಳೆಯಿತು. ನಾನು ಬಾಗಿಲ ಹೊರಗೇ ನಿಂತಿರುತ್ತೇನೆ. ಅವಳಿಗೆ ಅದು ಗೊತ್ತು. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಕೀರಲು ಸದ್ದು ಕೇಳಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ. ಮೂಗಿನ ಮಾತು ಬಿಡಿ. ಹಾಗಾಗಿ ಅವಳು ಕಲಿತದ್ದು "ಅಮ್ಮ ಬಾಗಿಲ ಹಿಂದೆ ಇದ್ದಾಳೆ" ಅನ್ನುವುದನ್ನು ಮಾತ್ರ. ನನ್ನ ಹೆಜ್ಜೆ ಸದ್ದು ದೂರವಾಗುವುದು ಅವಳಿಗೆ ಬೇರೆಯೇ ವಿಷಯ. ಲಿಫ್ಟ್ ಬಾಗಿಲು ಮುಚ್ಚುವ ಸದ್ದು ಇನ್ನೂ ಬೇರೆ.

ಮತ್ತೆ ಐದು ಸೆಕೆಂಡಿಗೆ ಇಳಿದೆ. ಈ ಸಲ ನಾಲ್ಕು ಹೆಜ್ಜೆ ನಡೆದು ವಾಪಸ್. ಆಮೇಲೆ ಮೆಟ್ಟಿಲವರೆಗೆ. ಲಿಫ್ಟ್ ಗುಂಡಿ ಒತ್ತಿ, ಹತ್ತದೆ ವಾಪಸ್.

ಮಾರ್ಚ್ 27

ಎರಡು ಬಗೆಯ ಬೊಗಳು ಇದೆ ಅಂತ ಕೆಳಗಿನ ಮನೆಯವರ ಮೆಸೇಜಿನಿಂದ ಗೊತ್ತಾಯಿತು. ಅಜ್ಜ ಜೊತೆಗಿದ್ದಾಗಲೂ ಎರಡು ಸಲ ಬೊಗಳಿದ್ದಾಳೆ. ಅದು ಓಣಿಯಲ್ಲಿ ಯಾರೋ ಓಡಾಡಿದ್ದಕ್ಕೆ. ಅದು ಕಾವಲಿನ ಬೊಗಳು, ಇದರ ಉಪಾಯ ಸುಲಭ. ಹಾಸಿಗೆಯನ್ನು ಬಾಗಿಲಿಂದ ದೂರ, ಒಳಕೋಣೆಗೆ ಹಾಕಿದೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಫ್ಯಾನ್ ಜೋರಾಗಿ ಬಿಟ್ಟೆ. ಹೆಜ್ಜೆ ಸದ್ದು ಬಂದಾಗಲೆಲ್ಲ ನಾನೇ ಅವಳನ್ನು ಕರೆದು ಒಂದು ಚೂರು ತಿಂಡಿ ಕೊಡುತ್ತೇನೆ. ಈಗ ಸದ್ದಾದರೆ ಬಾಗಿಲ ಕಡೆ ಓಡುವ ಬದಲು ನನ್ನ ಮುಖ ನೋಡುತ್ತಾಳೆ.

ಏಪ್ರಿಲ್ 2

ಕೆಟ್ಟ ದಿನ. ನಿನ್ನೆ ಅಜ್ಜನಿಗೆ ಜ್ವರ. ನನಗೆ ತಪ್ಪಿಸಲಾಗದ ಕೆಲಸ. ಒಂದೇ ಗಂಟೆ ಅಲ್ವಾ ಅಂತ ಹೋಗಿಬಿಟ್ಟೆ. ನಾಲ್ಕು ನಿಮಿಷದವರೆಗೆ ಬಂದಿದ್ದಳು. ಇವತ್ತು ಇಪ್ಪತ್ತು ಸೆಕೆಂಡಿಗೇ ಎದ್ದು ಬಾಗಿಲಿಗೆ ಬಂದಳು. ಒಂದು ಗಂಟೆಯಲ್ಲಿ ಮೂರು ವಾರದ ಕೆಲಸ ಹೋಯಿತು. ಅವಳ ಕೆನ್ನೆ ಹಿಡಿದುಕೊಂಡು ಅತ್ತೆ.

ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆ ಶುರುಮಾಡೋಣ ಅಂದರು. ಫ್ಲೂಆಕ್ಸೆಟಿನ್. ಮಾತ್ರೆ ಕೊಟ್ಟರೆ ಅವಳು ಅವಳಾಗಿಯೇ ಇರುವುದಿಲ್ಲವೇನೋ ಅನ್ನುವ ಭಯ ನನಗಿತ್ತು. ಮಂಕು ಮಾಡಲು ಕೊಡುವುದಲ್ಲ, ಕಲಿಯುವಷ್ಟು ನೆಮ್ಮದಿ ಬರಲಿ ಅಂತ ಕೊಡುವುದು ಅಂದರು. ಅಮೆರಿಕದಲ್ಲಿ ನಾಯಿಗಳ ಈ ತೊಂದರೆಗೆಂದೇ 1998ರಲ್ಲಿ ಕ್ಲೊಮಿಪ್ರಮಿನ್ ಎಂಬ ಇನ್ನೊಂದು ಮಾತ್ರೆಗೂ 2007ರಲ್ಲಿ ಫ್ಲೂಆಕ್ಸೆಟಿನ್‌ಗೂ ಒಪ್ಪಿಗೆ ಸಿಕ್ಕಿದೆ, ಎರಡೂ ತರಬೇತಿಯ ಜೊತೆಗೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ನಡುವೆ ತಟ್ಟನೆ ನಿಲ್ಲಿಸಬಾರದು. ಮನುಷ್ಯರ ಮಾತ್ರೆಯನ್ನು ನಾವೇ ಅಂದಾಜು ಮಾಡಿ ಕೊಡಲೇಬಾರದು ಅಂತ ಎರಡು ಸಲ ಹೇಳಿದರು. ನಾಯಿಯ ತೂಕಕ್ಕೆ ಲೆಕ್ಕ ಬೇರೆ.

ಏಪ್ರಿಲ್ 10

ಮಾತ್ರೆಯಿಂದ ಊಟ ಸ್ವಲ್ಪ ಕಡಿಮೆ ಆಗಿದೆ. ಮೊದಲ ದಿನಗಳಲ್ಲಿ ಹಾಗಾಗಬಹುದು ಅಂತ ಮುಂಚೆಯೇ ಹೇಳಿದ್ದರು. ಬೆಚ್ಚಗಿನ ನೀರಲ್ಲಿ ನೆನೆಸಿ ಕೈಯಿಂದ ತಿನ್ನಿಸಿದೆ. ಅಭ್ಯಾಸ ಮತ್ತೆ ಐದು ಸೆಕೆಂಡಿನಿಂದ. ಅಜ್ಜ ಹುಷಾರಾಗಿ ಬಂದಿದ್ದಾರೆ.

ಏಪ್ರಿಲ್ 30

ಒಂಬತ್ತು ನಿಮಿಷ. ಪುಸ್ತಕದಲ್ಲಿ ದಿನದ ಲೆಕ್ಕ ಬರೆದಿಡುತ್ತೇನೆ. ಇವತ್ತಿನದು: ಎರಡು ನಿಮಿಷ, ಆರು, ಮೂವತ್ತು ಸೆಕೆಂಡು, ಒಂಬತ್ತು ನಿಮಿಷ, ಒಂದು ನಿಮಿಷ. ಯಾವಾಗಲೂ ಏರುತ್ತಲೇ ಹೋದರೆ ಪ್ರತಿ ಸಲವೂ ಮುಂದಿನದು ಇನ್ನೂ ಕಷ್ಟ ಅಂತ ಅವಳಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ನಡುವೆ ಸುಲಭದ್ದು ಹಾಕುತ್ತೇನೆ. ವಾರಕ್ಕೆ ಎರಡು ದಿನ ಅಭ್ಯಾಸವೇ ಇಲ್ಲ. ಆ ದಿನ ಸುಮ್ನೆ ಆಟ, ನಡಿಗೆ, ಮೂಸಿ ಮೂಸಿ ತಿಂಡಿ ಹುಡುಕುವುದು.

ಬಟ್ಟಲಲ್ಲಿ ತಿಂಡಿ ಇಟ್ಟು ಹೋಗುವುದನ್ನು ಬಿಟ್ಟಿದ್ದೇನೆ. ತಿನ್ನುವಷ್ಟು ಹೊತ್ತು ಭಯ ಮರೆಯುತ್ತಿದ್ದಳು. ತಿಂಡಿ ಮುಗಿದ ಕ್ಷಣ ಗಾಬರಿ ಬೀಳುತ್ತಿದ್ದಳು. ಅಷ್ಟೇ ಅಲ್ಲ, ಆ ಬಟ್ಟಲು ಕಂಡರೇ ನಾನು ಹೊರಡುತ್ತೇನೆ ಅಂತ ಕಲಿಯತೊಡಗಿದ್ದಳು. ಬೇರೆ ನಾಯಿಗಳಿಗೆ ಇದು ಉಪಯೋಗವಾಗಬಹುದು. ಇವಳಿಗೆ ಆಗಲಿಲ್ಲ.

ಮೇ 11

ಹದಿನೆಂಟು ನಿಮಿಷ. ಕೆಳಗಿನ ಮನೆಯವರು ಎಂಟು ದಿನದಿಂದ ಮೆಸೇಜ್ ಮಾಡಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ. "ಏನೂ ಕೇಳಿಸಿಲ್ಲ, ಚೆನ್ನಾಗಿ ನಿದ್ದೆ ಬಂತು" ಅಂದರು. ಮುಖವೂ ಗೆಲುವಾಗಿತ್ತು.

ಮೇ 24, ರಾತ್ರಿ

ನಲವತ್ತೊಂದು ನಿಮಿಷ.

ಕಟ್ಟಡದ ಹಿಂದಿನ ಕಲ್ಲುಬೆಂಚಿನ ಮೇಲೆ ಕೂತು ಫೋನಿನಲ್ಲಿ ಅವಳನ್ನು ನೋಡುತ್ತಿದ್ದೆ. ಎರಡನೇ ನಿಮಿಷಕ್ಕೆ ಬಾಗಿಲವರೆಗೆ ಬಂದು ಮೂಸಿದಳು. ನನ್ನ ಉಸಿರು ನಿಂತಿತು. ತಿರುಗಿ ಹಾಸಿಗೆಗೆ ಹೋದಳು. ಮೂರು ಸುತ್ತು ಸುತ್ತಿ ಕೂತಳು. ಹನ್ನೆರಡನೇ ನಿಮಿಷಕ್ಕೆ ಗದ್ದ ನೆಲಕ್ಕೆ ತಾಗಿತು. ಹತ್ತೊಂಬತ್ತಕ್ಕೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟು, ಒಂದು ಮಗ್ಗುಲಿಗೆ ಉರುಳಿದಳು. ಇಪ್ಪತ್ತೇಳಕ್ಕೆ ಕಾಲು ಅದುರುವುದು ಕಂಡಿತು. ಕನಸು ಕಾಣುತ್ತಿದ್ದಾಳೆ! ನಾನು ಮನೆಯಲ್ಲಿ ಇಲ್ಲದಾಗ ಅವಳು ನಿದ್ದೆ ಮಾಡಿದ್ದನ್ನು ನೋಡಿದ್ದು ಇದೇ ಮೊದಲು.

ಈ ಗಾಬರಿ ಹೆಚ್ಚಾಗಿ ಮೊದಲ ಅರ್ಧ ಗಂಟೆಯೊಳಗೇ ತುದಿ ಮುಟ್ಟುತ್ತದೆ, ಅದನ್ನು ದಾಟಿದರೆ ಮುಂದಿನದು ಸ್ವಲ್ಪ ಬೇಗ ಸಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಪೂರ್ತಿ ದಿನ ಬಿಟ್ಟು ಹೋಗಲು ಇನ್ನೂ ಎಷ್ಟು ತಿಂಗಳೋ. ಮಾತ್ರೆ ಮುಂದುವರಿಯುತ್ತದೆ. ಅಜ್ಜನೂ ಬರುತ್ತಾರೆ. ಬಾಗಿಲಿಗೆ ಬಣ್ಣ ಹೊಡೆಸಲು ಮುಂದಿನ ವಾರ ಹೇಳಿದ್ದೇನೆ.

ಬಾಗಿಲು ತೆಗೆದಾಗ ಅರ್ಧ ಕಣ್ಣು ತೆರೆದು ನೋಡಿದಳು. ಬಾಲ ನೆಲಕ್ಕೆ ಎರಡು ಸಲ ಬಡಿಯಿತು. ಏಳಲಿಲ್ಲ. ನಾನೇ ಹೋಗಿ ಪಕ್ಕ ಕೂತೆ.

ನಾಳೆ ಆರು ನಿಮಿಷ ಸಾಕು.