ಎದುರಿನವನ ಹತ್ರ ಇಲ್ಲದಿದ್ರೆ?

ಆ್ಯನ್ ಆರ್ಬರ್, 18 ನವೆಂಬರ್ 2020, ಬುಧವಾರ ರಾತ್ರಿ

ಐದಕ್ಕೆ ಐದೂ ಮತ ವೈ-ಫೈ ಕಡೆಗೇ ಬಿತ್ತು. ಒಬ್ಬರಾದರೂ ಬೇಡ ಅಂದಾರು ಅಂತ ಒಂದು ಸಣ್ಣ ಆಸೆ ಇತ್ತು. ಯಾರೂ ಅನ್ನಲಿಲ್ಲ.

ವಿಷಯ ಇಷ್ಟೇ. ಇಲ್ಲಿ ಅಮೆರಿಕದಲ್ಲಿ ರೇಡಿಯೋ ತರಂಗಗಳನ್ನು ಹಂಚುವುದು ಎಫ್‌ಸಿಸಿ ಅನ್ನುವ ಕಮಿಷನ್. ಅದು 1999ರಲ್ಲಿ 5.9 ಗಿಗಾಹರ್ಟ್ಸ್ ಹತ್ತಿರ 75 ಮೆಗಾಹರ್ಟ್ಸ್ ಜಾಗವನ್ನು ವಾಹನಗಳಿಗೆ ಅಂತ ಎತ್ತಿಟ್ಟಿತ್ತು. ಕಾರು ಇನ್ನೊಂದು ಕಾರಿನ ಜೊತೆ, ಸಿಗ್ನಲ್ ಕಂಬದ ಜೊತೆ ಮಾತಾಡಲಿ ಅಂತ. ಇವತ್ತು ಅದರಲ್ಲಿ 45 ವೈ-ಫೈಗೆ ಹೋಯಿತು. ವಾಹನಗಳ ರೇಡಿಯೋ ಕೆಲಸ ಮಾಡುವ ನಮಗೆ ಉಳಿದದ್ದು 30. ಅದರಲ್ಲೂ ನಾವು ಇಷ್ಟು ವರ್ಷ ಬಳಸಿದ ಡಿಎಸ್‌ಆರ್‌ಸಿ ರೇಡಿಯೋ ಇನ್ನು ನಡೆಯಲ್ಲ. ಮೊಬೈಲ್ ಕಡೆಯಿಂದ ಬಂದ ಸಿ-ವಿಟುಎಕ್ಸ್‌ಗೆ ಬದಲಾಗಬೇಕು. ಒಂದರ ಮಾತು ಇನ್ನೊಂದಕ್ಕೆ ತಿಳಿಯಲ್ಲ. ದೇಶದ ಸಾರಿಗೆ ಇಲಾಖೆಯೇ ಹೀಗೆ ಮಾಡಬೇಡಿ ಅಂದಿತ್ತು. ಆಯ್ತು, ಬಿಡಿ.

ಊಟ ಆದಮೇಲೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ರಾತ್ರಿ ಒಂಬತ್ತು, ಹಾಸನದಲ್ಲಿ ಗುರುವಾರ ಬೆಳಿಗ್ಗೆ ಏಳೂವರೆ. ಸ್ವೆಟರ್ ಹಾಕಿಕೊಂಡು ಕಾಫಿ ಲೋಟ ಹಿಡಿದು ಕೂತಿದ್ದರು. "ಯಾಕವ್ವ, ಮುಖ ಸಪ್ಪಗಿದೆ?" ಮಿಶಿಗನ್‌ನಲ್ಲಿ ಇವತ್ತಿಂದ ಮೂರು ವಾರ ಹೋಟೆಲ್ ಒಳಗೆ ಕೂತು ತಿನ್ನೋ ಹಾಗಿಲ್ಲ, ಅದಕ್ಕೆ ಅಂತ ತೇಲಿಸಿದೆ. ನಂಬಲಿಲ್ಲ. "ನೀನು ಯಾವಾಗ ಹೋಟೆಲಿಗೆ ಅತ್ತವಳು?"

ಹೇಳಲೇಬೇಕಾಯಿತು. ಅರ್ಧ ಹೇಳುವಷ್ಟರಲ್ಲಿ, ಆ ಕಮಿಷನ್ನಿಗೆ ದೊಡ್ಡೋರು ಯಾರು ಅಂತ ಕೇಳಿದರು. ಅಜಿತ್ ಪೈ ಅಂದೆ. ಅಪ್ಪನ ಕಿವಿ ನೆಟ್ಟಗಾಯಿತು. "ಪೈ ಅಂದ್ರೆ ನಮ್ಮ ಮಂಗಳೂರು ಕಡೆಯೋರು ಇರಬೇಕಲ್ಲ!" ಕೊಂಕಣಿ ಮನೆಯವರು ಹೌದು, ಆದರೆ ಬೆಳೆದದ್ದು ಕಾನ್ಸಸ್‌ನ ಪಾರ್ಸನ್ಸ್ ಅನ್ನೋ ಊರಲ್ಲಿ, ಅಪ್ಪ ಅಮ್ಮ ಇಬ್ಬರೂ ಡಾಕ್ಟರು ಅಂದೆ. "ಒಂದು ಮಾತು ಹೇಳಿ ನೋಡಬಹುದಿತ್ತು" ಅಂದರು. ಮಂಗಳೂರು ಬಸ್ ಸ್ಟ್ಯಾಂಡಲ್ಲಿ ಕಂಟ್ರೋಲರ್ ಹತ್ರ ಮಾತಾಡಿ ಬಂದುಬಿಡೋಣ ಅನ್ನೋ ಧಾಟಿ. ನಗು ಬಂತು. ಆಮೇಲೆ ಅಳುವೂ ಬಂತು, ತೋರಿಸಿಕೊಳ್ಳಲಿಲ್ಲ.

ಅಪ್ಪ ಶಿರಾಡಿ ಘಾಟಿಯಲ್ಲಿ ಬಸ್ ಓಡಿಸಿದವರು ಅಂತ ನಿಮಗೆಲ್ಲ ಗೊತ್ತೇ ಇದೆ. ಅವರಿಗೆ ರಸ್ತೆ ವಿಷಯ ಬಿಡಿಸಿ ಹೇಳೋದು ಸುಲಭ. ರೇಡಿಯೋ ವಿಷಯವೂ ಸುಲಭ ಅಂತ ಇವತ್ತು ಗೊತ್ತಾಯಿತು. ಪ್ರತಿ ವಾಹನದಲ್ಲೂ ಒಂದು ಡಬ್ಬಿ. ಸೆಕೆಂಡಿಗೆ ಹತ್ತು ಸಲ ಅದು ಕೂಗುತ್ತೆ: ನಾನು ಇಲ್ಲಿದ್ದೀನಿ, ಇಷ್ಟು ವೇಗ, ಈ ದಿಕ್ಕು, ಬ್ರೇಕ್ ಒತ್ತಿದ್ದೀನಿ. ಸುತ್ತ ಮುನ್ನೂರು ಮೀಟರ್ ಒಳಗಿರುವವರಿಗೆ ಕೇಳಿಸುತ್ತೆ. ನಡುವೆ ಲಾರಿ ಅಡ್ಡ ಇದ್ದರೂ, ತಿರುವು ಇದ್ದರೂ ಸಾಮಾನ್ಯವಾಗಿ ಕೇಳಿಸುತ್ತೆ.

"ಗಾಡಿ ನಂಬರೂ ಹೇಳುತ್ತಾ?"

"ಇಲ್ಲಪ್ಪ. ಹೆಸರಿಲ್ಲ, ನಂಬರಿಲ್ಲ. ಯಾರೂ ಬೆನ್ನು ಹತ್ತಬಾರದು ಅಂತ ಗುರುತನ್ನು ಆಗಾಗ ಬದಲಾಯಿಸ್ತಾ ಇರುತ್ತೆ."

"ಮತ್ತೆ ಗುದ್ದಿ ಓಡೋದವನ್ನ ಹಿಡಿಯೋದು ಹೆಂಗೆ?"

ಗುದ್ದದೇ ಇರಲಿ ಅಂತಲೇ ಇದು ಅಂದೆ. ಹೂಂ ಅಂದರು. ಪೂರ್ತಿ ಒಪ್ಪಿದ ಹೂಂ ಅಲ್ಲ.

ಎಂಸಿಟಿಯಲ್ಲಿ ನಡೆದದ್ದನ್ನು ಹೇಳಿದೆ. ಎಂಸಿಟಿ ಗೊತ್ತಲ್ಲ, 2015ರಲ್ಲಿ ಮಿಶಿಗನ್ ಯೂನಿವರ್ಸಿಟಿಯವರು ವಾಹನಗಳ ಪರೀಕ್ಷೆಗೆ ಅಂತ 32 ಎಕರೆಯಲ್ಲಿ ಕಟ್ಟಿದ ಸುಳ್ಳು ಊರು. ಅಂಗಡಿಗಳಿಗೆ ಮುಂದಿನ ಗೋಡೆ ಮಾತ್ರ ಇದೆ. ರೈಲ್ವೆ ಕ್ರಾಸಿಂಗ್ ಇದೆ, ರೈಲಿಲ್ಲ. ಮರದ ಎಲೆ ರೇಡಿಯೋಗೆ ಎಷ್ಟು ಅಡ್ಡ ಬರುತ್ತೆ ಅಂತ ನೋಡೋಕೆ ಎಲೆಗಳ ಚಪ್ಪರದಂಥದ್ದನ್ನೂ ಮಾಡಿಟ್ಟಿದ್ದಾರೆ. ಅಲ್ಲಿ ಒಂದು ಪರೀಕ್ಷೆಯಲ್ಲಿ ನಾನು ಮೂರನೇ ಗಾಡಿ. ನನ್ನ ಮುಂದೆ ಎತ್ತರದ ಟ್ರಕ್, ಅದರ ಮುಂದೆ ಇನ್ನೊಂದು ಕಾರು. ಆ ಕಾರು ನನಗೆ ಕಾಣಿಸುತ್ತಲೇ ಇರಲಿಲ್ಲ. ಅದು ಗಕ್ಕನೆ ಬ್ರೇಕ್ ಹಾಕಿತು. ಟ್ರಕ್ಕಿನ ಹಿಂದಿನ ಕೆಂಪು ದೀಪ ಇನ್ನೂ ಹತ್ತಿರಲಿಲ್ಲ, ಅಷ್ಟರಲ್ಲಿ ನನ್ನ ಡ್ಯಾಶ್‌ಬೋರ್ಡ್ ಬೀಪ್ ಅಂತು. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಆಮೇಲೆ ಟ್ರಕ್ಕಿನ ದೀಪ ಹತ್ತಿತು. ಮುಂದೆ ಏನಾಗ್ತಿದೆ ಅಂತ ಟ್ರಕ್ ಡ್ರೈವರಿಗಿಂತ ಮೊದಲೇ ನನಗೆ ಗೊತ್ತಾಗಿತ್ತು!

ಅಪ್ಪ ಲೋಟ ಕೆಳಗಿಟ್ಟರು. ಮಾರನಹಳ್ಳಿ ಹತ್ರ ಮಂಜು ಕವಿದಾಗ ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕ್ತಿತ್ತಂತೆ. ಎದುರಿಗೆ ಯಾರೂ ಇಲ್ಲ, ನೀನು ಹೋಗು ಅಂತ ಅದರ ಅರ್ಥ. ಆದರೆ ಕೆಲವರು ನಿಜವಾಗಿಯೂ ಬಲಕ್ಕೆ ಎಳೆಯೋಕೇ ಇಂಡಿಕೇಟರ್ ಹಾಕ್ತಿದ್ದರಂತೆ. "ಯಾವ ಇಂಡಿಕೇಟರು ಯಾವುದಕ್ಕೆ ಅಂತ ಲಾರಿ ನೋಡಿ ಹೇಳಬೇಕಾಗಿತ್ತು ಕಣವ್ವ. ತಿಳಿದೋನು ದಾಟ್ತಿದ್ದ." ಡಿಎಸ್‌ಆರ್‌ಸಿ, ಸಿ-ವಿಟುಎಕ್ಸ್ ಜಗಳ ಇದೇ ಅಲ್ವಾ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅಪ್ಪ ಕೇಳಿದರು:

"ಅಲ್ಲ, ಎದುರಿನವನ ಹತ್ರ ಆ ಡಬ್ಬಿ ಇಲ್ಲದಿದ್ರೆ?"

ಈ ಪ್ರಶ್ನೆಗೇ ಇಪ್ಪತ್ತೊಂದು ವರ್ಷ ಹೋಗಿದ್ದು. ಸೀಟ್ ಬೆಲ್ಟ್ ಆದರೆ ನಾನೊಬ್ಬಳು ಹಾಕಿಕೊಂಡರೂ ನನ್ನ ಜೀವ ಉಳಿಯುತ್ತೆ. ಇದು ಹಾಗಲ್ಲ. ನೂರರಲ್ಲಿ ಹತ್ತು ಕಾರಿಗೆ ಡಬ್ಬಿ ಇದೆ ಅಂದುಕೊಳ್ಳಿ. ಎರಡು ಕಾರು ಎದುರಾದಾಗ ಎರಡರಲ್ಲೂ ಡಬ್ಬಿ ಇರೋದು ನೂರರಲ್ಲಿ ಒಂದು ಸಲ. ಮೊದಲು ಕೊಂಡವನಿಗೆ ದುಡ್ಡು ದಂಡ. ಹಾಗಾಗಿ ಮೊದಲು ಕೊಳ್ಳೋಕೆ ಯಾರೂ ತಯಾರಿಲ್ಲ.

ಅದಕ್ಕೇ 2012ರಲ್ಲಿ ಇಲ್ಲೇ ಆ್ಯನ್ ಆರ್ಬರ್ ಊರಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದ್ದು. ಒಂದೇ ಊರಲ್ಲಿ ಸುಮಾರು 2,800 ವಾಹನಗಳಿಗೆ ರೇಡಿಯೋ ಹಾಕಿದರೆ ಅವು ಒಂದಕ್ಕೊಂದು ಎದುರಾಗಲೇಬೇಕಲ್ಲ. ಆಗ ನಾನು ಎಂಎಸ್ ವಿದ್ಯಾರ್ಥಿನಿ. ಸ್ಕೂಲು ಮಕ್ಕಳ ಅಪ್ಪ ಅಮ್ಮಂದಿರು, ಆಸ್ಪತ್ರೆ ಸಿಬ್ಬಂದಿ ತಮ್ಮ ತಮ್ಮ ಕಾರು ಕೊಟ್ಟರು. ತಮಾಷೆ ಅಂದರೆ ಹೆಚ್ಚಿನ ಕಾರುಗಳಿಗೆ ಹಾಕಿದ್ದು ಬರೀ ಕೂಗುವ ಡಬ್ಬಿ. ಅದಕ್ಕೆ ಕಿವಿಯೂ ಇಲ್ಲ, ಬೀಪೂ ಇಲ್ಲ. ಆ ತಾಯಂದಿರು ಮಕ್ಕಳನ್ನು ಸ್ಕೂಲಿಗೆ ಬಿಡುತ್ತಾ, ತರಕಾರಿ ತರುತ್ತಾ, ಬೇರೆಯವರ ಕಾರಿಗೆ ಎಚ್ಚರಿಕೆ ಕೊಡುತ್ತಾ ಸುಮ್ನೆ ಓಡಾಡಿದರು. ತಮಗೆ ಏನೂ ಸಿಗಲಿಲ್ಲ. ನನಗೆ ಇವತ್ತು ಅವರ ನೆನಪೇ ಜಾಸ್ತಿ ಬರ್ತಿದೆ.

ಅಷ್ಟೆಲ್ಲ ಲೆಕ್ಕ ಹಾಕಿ 2014ರಲ್ಲಿ ಸರ್ಕಾರದ ವರದಿ ಬಂತು. ಎಲ್ಲ ಕಾರಿಗೂ ಬಂದರೆ, ಕ್ರಾಸಿಂಗ್ ಎಚ್ಚರಿಕೆ ಮತ್ತು ಎದುರಿನ ಗಾಡಿಗೆ ಅಡ್ಡವಾಗಿ ಎಡಕ್ಕೆ ತಿರುಗುವಾಗಿನ ಎಚ್ಚರಿಕೆ, ಇವೆರಡರಿಂದಲೇ ವರ್ಷಕ್ಕೆ ಹೆಚ್ಚೆಂದರೆ 1,083 ಜೀವ ಉಳಿಯಬಹುದು ಅಂತ. 2016ರ ಡಿಸೆಂಬರಿನಲ್ಲಿ ಹೊಸ ಕಾರಿಗೆಲ್ಲ ಕಡ್ಡಾಯ ಮಾಡುವ ಪ್ರಸ್ತಾಪವೂ ಬಂತು. ಬಂದದ್ದು ಅಲ್ಲೇ ಕೂತಿದೆ. ತಾನಾಗಿ ಹಾಕಿ ಮಾರಿದ್ದು ಅಂದರೆ ಕ್ಯಾಡಿಲಾಕ್‌ನ ಒಂದು ಮಾಡೆಲ್. ಟೊಯೋಟಾದವರು 2021ರಿಂದ ಹಾಕ್ತೀವಿ ಅಂದರು, ಹೋದ ವರ್ಷ ನಿಲ್ಲಿಸಿದರು.

ನ್ಯಾಯವಾಗಿ ನೋಡಿದರೆ ಇವತ್ತಿನ ಮತವನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಜಾಗ ಹಿಡಿದುಕೊಂಡು ಇಷ್ಟು ವರ್ಷ ಕೂತಿದ್ದು ನಾವೇ. ಪಕ್ಕದ ರೂಮಲ್ಲಿ ಮಗಳ ಕ್ಲಾಸು ವೈ-ಫೈ ಮೇಲೆ ನಡೀತಿದೆ, ನನ್ನ ಕೆಲಸ ವೈ-ಫೈ ಮೇಲೆ, ಅಪ್ಪನ ಮುಖವೂ ವೈ-ಫೈ ಮೇಲೇ. ಕಡ್ಡಾಯ ಮಾಡದೆ ಕಾದದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. ಆಫೀಸಿನಲ್ಲಿ ಇದಕ್ಕೆ ಒಪ್ಪುವವರು ಕಡಿಮೆ.

ಇದೆಲ್ಲ ಅಪ್ಪನಿಗೆ ಹೇಳ್ತಾ ಇದ್ದಾಗ ಅವರ ಮುಖ ಸ್ಕ್ರೀನ್ ಮೇಲೆ ಹಾಗೇ ನಿಂತುಹೋಯಿತು. ಬಾಯಿ ಅರ್ಧ ತೆರೆದಿತ್ತು. ಮತ್ತೆ ಕಾಲ್ ಮಾಡಿದಾಗ ಯೂಟಾ ವಿಷಯ ಹೇಳಿದೆ, ಖುಷಿಯಾಗಲಿ ಅಂತ. ಸಾಲ್ಟ್ ಲೇಕ್ ಸಿಟಿಯ ರೆಡ್‌ವುಡ್ ರಸ್ತೆಯಲ್ಲಿ ಬಸ್ಸು ಸಿಗ್ನಲ್ಲಿಗೆ ರೇಡಿಯೋದಲ್ಲೇ ಕೇಳಿಕೊಳ್ಳುತ್ತೆ, ಲೇಟಾಗಿದೆ, ಹಸಿರನ್ನು ಸ್ವಲ್ಪ ಹೊತ್ತು ಹಿಡಿದುಕೋ ಅಂತ. ಟೈಮಿಗೆ ಸರಿಯಾಗಿದ್ದರೆ ಕೇಳೋದೇ ಇಲ್ಲ. 2017ರಿಂದ ನಡೀತಿದೆ.

"ಲೇಟಾಗಿಲ್ಲ ಅಂದ್ರೆ ಕೇಳಲ್ವಾ? ಎಂಥ ಮರ್ಯಾದಸ್ಥ ಬಸ್ಸು!" ಅಪ್ಪ ಜೋರಾಗಿ ನಕ್ಕರು. ಒಳಗಿನಿಂದ ಅಮ್ಮ ಏನದು ಅಂತ ಬಂದರು, ನಾನು ದೀಪಾವಳಿಗೆ ಕಜ್ಜಾಯ ಮಾಡಿದ್ನೋ ಇಲ್ವೋ ಅಂತ ವಿಚಾರಣೆ ಶುರುವಾಯಿತು, ಮಾತು ಅಲ್ಲಿಗೆ ಹೋಯಿತು.

ಈಗ ಹನ್ನೊಂದೂವರೆ. ನಾಳೆ ಬೆಳಿಗ್ಗೆ ಮೀಟಿಂಗ್. ಕಂಬದ ಮೇಲಿರುವ ಡಬ್ಬಿಗಳ ಪಟ್ಟಿ ಬೇಕಂತೆ, ಯಾವುದನ್ನು ಉಳಿದ ಮೇಲಿನ 30ರ ಚಾನೆಲ್ಲಿಗೆ ತಳ್ಳಬಹುದು, ಯಾವುದನ್ನು ಇಳಿಸಲೇಬೇಕು ಅಂತ. ಕೆಳಗಿನ 45 ಖಾಲಿ ಮಾಡೋಕೆ ಆದೇಶ ಜಾರಿಯಾದಮೇಲೆ ಒಂದು ವರ್ಷ ಕೊಟ್ಟಿದ್ದಾರೆ. ಇಳಿಸಿದ ಜಾಗಕ್ಕೆ ಹೊಸದು ಬರುವ ತನಕ, ಇನ್ನೂ ಕೂಗ್ತಾ ಓಡಾಡ್ತಿರೋ ಹಳೇ ಕಾರುಗಳಿಗೆ ಯಾರು ಉತ್ತರ ಕೊಡ್ತಾರೆ?